ಬೇವು ಕಟ್ಟಿದ ಕಡಲೆ ಹೊಲ

ಹುಳಿಗೂ ಒಂದು ವಾಸನೆಯಿದೆ ಎಂಬುದನ್ನು ನಾನು ಕಲಿತದ್ದು ನವಲಗುಂದದ ಎರೆಭೂಮಿಯಲ್ಲಿ. ಮಾರ್ಗಶಿರದ ಇಬ್ಬನಿ ಕಡಲೆ ಗಿಡಗಳ ಮೇಲೆ ಕುಳಿತಿರುವಾಗ, ಬಿಸಿಲೇರುವ ಮುನ್ನ ಗಾಳಿ ಒಂದು ಸಲ ಹೊಲದ ಮೇಲಿಂದ ಹೊರಳಿ ಬಂದರೆ ಸಾಕು, ನಾಲಗೆಯ ಅಂಚಿನಲ್ಲಿ ನೀರು ಒಸರುತ್ತದೆ. ಕಳೆದ ಚಳಿಗಾಲದಲ್ಲಿ ನನಗೆ ಹಾಗೆಯೇ ಆಯಿತು. ಅಣ್ಣಿಗೇರಿಯಲ್ಲಿ ಒಂದು ಉಪನ್ಯಾಸ ಮುಗಿಸಿ, ರಾತ್ರಿ ಅಲ್ಲಿಯೇ ತಂಗಿ, ಮುಂಜಾನೆ ನವಲಗುಂದದ ಬಸ್ಸು ಹಿಡಿದಿದ್ದೆ. ಆ ದಾರಿಯಲ್ಲಿ ಒಂದು ಊರಿದೆ. ಅದರ ಕಮಾನು ಹತ್ತಿರವಾದಾಗ ಕಿಟಕಿಯಿಂದ ಕಣ್ಣು ತೆಗೆದು ಮಡಿಲಲ್ಲಿರುವ ಪುಸ್ತಕವನ್ನು ನೋಡುತ್ತ ಕುಳಿತುಕೊಳ್ಳುವುದು ನನ್ನ ರೂಢಿ. ಅಂದು ಆ ರೂಢಿ ನಡೆಯಲಿಲ್ಲ. ಕಮಾನು ಇನ್ನೂ ದೂರವಿರುವಾಗಲೇ ಬಸ್ಸಿನ ಗಾಲಿ ಪಂಕ್ಚರ್ ಆಯಿತು.

“ಅರ್ಧಾ ತಾಸರೆ ಬೇಕ್ರಿ. ಕುಂತ ಕುಂತ ಬ್ಯಾಸರಾಗತೈತಿ, ಇಳದ ಅಡ್ಡಾಡ್ರಿ,” ಎಂದ ಕಂಡಕ್ಟರ್.

ಇಳಿದೆ. ರಸ್ತೆ ಅಗಲವಾಗಿತ್ತು, ಬದಿಯ ಬನ್ನಿ ಮತ್ತು ಜಾಲಿಯ ಗಿಡಗಳು ಹೋಗಿದ್ದವು. ಎಲ್ಲಿದ್ದೇನೆಂಬ ಗುರುತು ಹತ್ತಲಿಲ್ಲ. ಆದರೆ ವಾಸನೆಗೆ ಗುರುತು ಬೇಕಿರಲಿಲ್ಲ. ರಸ್ತೆಯ ಪಕ್ಕದಲ್ಲಿಯೇ ಮೊಣಕಾಲೆತ್ತರದ ಕಡಲೆ, ಕಾಯಿ ತುಂಬಿ ನಿಂತಿತ್ತು. ಕಾಲುವೆ ದಾಟಿ, ಬಗ್ಗಿ, ಒಂದು ಎಳೆಯ ಕುಡಿಗೆ ಕೈ ಚಾಚಿದೆ.

“ಕೈ ಹಚ್ಚಬ್ಯಾಡ್ರೀ.”

ತಿರುಗಿ ನೋಡಿದೆ. ರಸ್ತೆಯ ಆಚೆಗಿನ ಜೋಳದ ಹೊಲದಲ್ಲಿ ಕುಡಗೋಲು ಹಿಡಿದು ನಿಂತಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳೊಬ್ಬಳು ಅದೇ ಕುಡಗೋಲಿನಿಂದ ನನ್ನ ಪಕ್ಕದ ಬದುವನ್ನು ತೋರಿಸಿದಳು. ಅಲ್ಲಿ ಒಂದು ಕೋಲು ನೆಟ್ಟಿತ್ತು. ಕೋಲಿನ ತುದಿಗೆ ಅರೆ ಒಣಗಿದ ಬೇವಿನ ಗೊಂಚಲು. ಗೊಂಚಲಿನ ಜೊತೆಗೆ ಕಟ್ಟಿದ ಒಂದು ಹಳದಿ ಅರಿವೆಯ ಪಟ್ಟಿ.

“ಎಣ್ಣಿ ಹೊಡದೈತ್ರಿ. ಬೇವ ಕಟ್ಟಿದ್ದ ಕಾಣಲಿಲ್ಲೇನ್ರಿ?”

ಬೆಳೆಗೆ ಸಿಂಪಡಿಸುವ ವಿಷವನ್ನು ಇಲ್ಲಿಯ ಜನ ಎಣ್ಣಿ ಎಂದೇ ಕರೆಯುತ್ತಾರೆ. ನಾನು ಕೈ ಹಿಂತೆಗೆದುಕೊಂಡೆ. ಕೇಳದೆ ಇರಲಾಗಲಿಲ್ಲ: “ಹಿಂಗ ಕಟ್ಟಬೇಕಂತ ನಿಮಗ ಯಾರು ಹೇಳಿಕೊಟ್ರು?”

“ಹೇಳಿಕೊಡೂದೇನ್ ಬಂತ್ರಿ. ನಮ್ಮೂರಾಗ ಮೊದಲಿಂದ ಐತಿ,” ಎಂದು ಆಕೆ ಮತ್ತೆ ಕೆಲಸಕ್ಕೆ ಬಗ್ಗಿದಳು.

ಮೊದಲಿಂದ. ಆ ಮೊದಲು ಯಾವುದೆಂದು ನನಗೆ ಗೊತ್ತಿತ್ತು. ಆ ಮುಂಜಾನೆ ನಾನು ಅಲ್ಲಿದ್ದೆ.

ಅದು ನಾನು ಪದವಿ ಮುಗಿಸಿದ ವರ್ಷ. ಧಾರವಾಡದ ಕಾಲೇಜಿಗೆ ಚರ್ಚಾಸ್ಪರ್ಧೆಯ ಢಾಲುಗಳನ್ನು ಗೆದ್ದುಕೊಟ್ಟು, ಸತ್ಯವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಲೋಕ ಒಪ್ಪಲೇಬೇಕೆಂಬ ನಂಬಿಕೆಯನ್ನು ಅಲ್ಲಿಂದ ಮನೆಗೆ ತಂದಿದ್ದೆ. ಹೊಲಗೆಲಸದವರ ಆರೋಗ್ಯಕ್ಕಾಗಿ ದುಡಿಯುವ ಒಂದು ಸಣ್ಣ ಸಂಸ್ಥೆ ನನ್ನನ್ನು ಒಂದು ಹಿಂಗಾರಿನ ಮಟ್ಟಿಗೆ ಆ ಊರಿಗೆ ಕಳಿಸಿತು. ಕೆಲಸ ಹೇಳಲು ಸರಳ: ವಿಷದ ಬಾಟಲಿಗಳ ಮೇಲಿನ ಗುರುತನ್ನು ಓದಲು ಕಲಿಸುವುದು. ಕಾರ್ಖಾನೆಯ ಗೋಡೆಯ ಮೇಲೆ ಎಚ್ಚರಿಕೆಯ ಫಲಕವಿರುತ್ತದೆ. ಹೊಲಕ್ಕೆ ಗೋಡೆಯೇ ಇಲ್ಲ. ಆದರೂ ಅಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ನಡೆಯುವವನು, ಆ ಪಂಪಿಗೆ ನೀರು ಹೊತ್ತು ಸುರಿಯುವವಳು, ಬರಿಗೈಯಿಂದ ವಿಷವನ್ನು ಕಲಕುವವಳು ಯಾವ ಕಾರ್ಮಿಕರಿಗಿಂತಲೂ ಕಡಿಮೆಯವರಲ್ಲ. ತಾನು ಮುಟ್ಟುವ ವಸ್ತು ಏನೆಂದು ತಿಳಿದುಕೊಳ್ಳುವ ಹಕ್ಕು ದುಡಿಯುವ ಪ್ರತಿಯೊಂದು ಕೈಗೂ ಇದೆ. ಇದನ್ನು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಪ್ರತಿ ಬಾಟಲಿಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಳಿದ ಬಣ್ಣವೇ ವಿಷದ ದರ್ಜೆ. ಕೆಂಪು ಎಂದರೆ ಅತಿ ಘೋರ, ಅದರ ನಂತರ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆಯದು ಹಸಿರು. ಕಡಿಮೆ ಎಂದರೆ ಇಲ್ಲವೆಂದಲ್ಲ. ಈ ನಾಲ್ಕು ಚೌಕಗಳನ್ನು ದೊಡ್ಡದಾಗಿ ಬರೆಸಿದ ಪಟವನ್ನು ಮಠದ ಕಟ್ಟೆಗೆ ಆನಿಸಿ, ಕಳೆ ತೆಗೆಯುವ ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳ ಮುಂದೆ ನನ್ನ ಮೊದಲ ಪಾಠ ಆರಂಭಿಸಿದೆ.

“ಇವುಗಳಾಗ ಎಲ್ಲಾದಕ್ಕಿಂತ ಕೆಟ್ಟ ಬಣ್ಣ ಯಾವುದು, ಹೇಳ್ರಿ ನೋಡೂಣು.”

“ನೀಲಿ,” ಎಂದರು ಎಲ್ಲರೂ, ಒಂದೇ ದನಿಯಲ್ಲಿ.

ಕೆಂಪು ಎಂಬ ಉತ್ತರಕ್ಕೆ ಸಿದ್ಧಳಾಗಿದ್ದ ನಾನು ತಡವರಿಸಿದೆ. ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದ ಗಂಗವ್ವ ನನ್ನನ್ನು ಕರುಣೆಯಿಂದ ನೋಡಿದಳು. ಊರಿನ ಹೆಣ್ಣಾಳುಗಳ ಗುಂಪನ್ನು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ಆಕೆ. ಗಂಡ ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮಗ ಇನ್ನೂ ಶಾಲೆಯಲ್ಲಿದ್ದ; ಮನೆಯ ಒಕ್ಕಲುತನವನ್ನು ಮೈದುನ ಬಸಣ್ಣ ನೋಡಿಕೊಳ್ಳುತ್ತಿದ್ದ. ನನಗೆ ಉಳಿಯಲು ಕೋಣೆ ಕೊಟ್ಟದ್ದೂ ಆಕೆಯೇ.

“ಕೆಂಪಂದ್ರ ಕುಂಕುಮ. ಹಳದಿ ಅಂದ್ರ ಅರಿಶಿಣ. ಹಸರ ಅಂದ್ರ ಕೈಯಾನ ಬಳಿ. ಇವೆಲ್ಲಾ ಮುತ್ತೈದಿ ಬಣ್ಣ, ಇವ್ಯಾಕ ಕೆಡಕ ಮಾಡತಾವು? ಶಿವಾ ವಿಷಾ ಕುಡದಾಗ ಅವನ ಕೊರಳ ಯಾ ಬಣ್ಣಾತು? ಹಾವ ಕಡದ ಮೈ ಯಾ ಬಣ್ಣ ಆಗತೈತಿ? ಇಷ್ಟೂ ಗೊತ್ತಿಲ್ದ ನಮಗ ಕಲಸಾಕ ಬಂದೀಯೇನ್ ತಂಗಿ?”

ಕಟ್ಟೆಯ ತುಂಬ ನಗು. ನಾನು ನಗಲಿಲ್ಲ, ಏಕೆಂದರೆ ಆ ವಾದದಲ್ಲಿ ದೋಷವಿರಲಿಲ್ಲ. ಆಧಾರವಿತ್ತು, ನಿದರ್ಶನವಿತ್ತು, ತೀರ್ಮಾನವಿತ್ತು. ಗುರುತನ್ನು ಗೊತ್ತುಪಡಿಸಿದವರು ಎಲ್ಲಿಯೋ ಕುಳಿತಿದ್ದರು. ಈ ಕಟ್ಟೆಯ ಮೇಲೆ ಕುಳಿತವರನ್ನು ಅವರು ಕೇಳಿರಲಿಲ್ಲ ಎಂಬುದಷ್ಟೇ ಕೊರತೆ. ಬಣ್ಣಕ್ಕೆ ತನ್ನದೇ ಆದ ಅರ್ಥವಿಲ್ಲ, ಅರ್ಥವೆಂಬುದು ಜನರ ನಡುವಿನ ಒಪ್ಪಂದ ಎಂದು ನಾನು ವಿವರಿಸತೊಡಗಿದೆ. ಪೇಟೆಯ ಚೌಕದಲ್ಲಿ ಕೆಂಪು ದೀಪ ಹತ್ತಿದರೆ ಗಾಡಿಗಳು ನಿಲ್ಲುವುದನ್ನು ಉದಾಹರಿಸಿದೆ.

“ನಮ್ಮೂರಾಗ ದೀಪ ಎಲ್ಲಿ ಐತ್ರಿ ಅಕ್ಕಾರ,” ಎಂದಳು ಹಿಂದಿನಿಂದ ಯಾರೋ. “ಎಮ್ಮಿ ಅಡ್ಡ ನಿಂತ್ರ ಗಾಡಿ ನಿಲ್ಲತಾವು.”

ಆ ವಾರದಲ್ಲಿಯೇ ಇನ್ನೊಂದು ಪಾಠವಾಯಿತು. ಅದು ನನಗೆ ಆದದ್ದು. ಗಂಗವ್ವನ ಬಾಜೂ ಮನೆಗೆ ಹೋಗಿ ವಿಷದ ಬಾಟಲಿಯನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಡಬಾರದೆಂದು ಹೇಳಬೇಕೆಂದು ಹೊರಟವಳು ಇನ್ನೇನು ಹೊಸ್ತಿಲು ದಾಟಬೇಕು, ಹಿಂದಿನಿಂದ ಗಂಗವ್ವ ನನ್ನ ರಟ್ಟೆ ಹಿಡಿದು ಎಳೆದಳು.

“ಬಾಗಲದಾಗ ಬೇವ ಕಾಣಲಿಲ್ಲೇನು? ಕೂಸಿಗೆ ಅಮ್ಮ ಬಂದಾಳ. ಪುಸ್ತಕಾ ಓದತಿ, ಬಾಗಲಾ ಓದಾಕ ಬರೂದಿಲ್ಲ ನಿನಗ.”

ಸಿಡುಬಿನಂತಹ ರೋಗ ಬಂದ ಮನೆಯ ಬಾಗಿಲಿಗೆ ಬೇವಿನ ಗೊಂಚಲು ಕಟ್ಟುವುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಅದು ದೇವಿಯಲ್ಲ, ಒಂದು ಸೋಂಕು. ಇದೆಲ್ಲ ಮೂಢನಂಬಿಕೆ ಎಂದು ಬೀದಿಯಲ್ಲಿ ನಿಂತು ವಿಸ್ತಾರವಾಗಿ ಹೇಳಿದೆ. ಗಂಗವ್ವ ಪೂರ್ತಿ ಕೇಳಿಸಿಕೊಂಡಳು.

“ಏನರ ಇರ್ಲಿ. ನೀ ಒಳಗ ಹೋಗಬ್ಯಾಡ. ಕೂಸಿಗೆ ನೀರ ಹಾಕಿದ ಮ್ಯಾಲೆ ಅವರವ್ವ ಬೇವ ಬಿಚ್ಚತಾಳ. ಕಟ್ಟಿದ ಕೈನ ಬಿಚ್ಚಬೇಕು. ಅಲ್ಲೀ ತನಕಾ ಎಲ್ಲಾರೂ ಹೊರಗ.”

ಹಿಂಗಾರು ಹೀಗೆ ಸಾಗಿತು. ಬೆಳಗಿನ ಚಳಿ ಹಲ್ಲು ಕಟಕಟ ಎನ್ನುವಷ್ಟಿರುತ್ತಿತ್ತು. ಹೊತ್ತೇರಿದಂತೆ ಕರಿಯ ನೆಲ ಬಿರುಕು ಬಿಟ್ಟು ಕಾಯುತ್ತಿತ್ತು. ಕಡಲೆಯ ಹೊಲದಲ್ಲಿ ನಡೆದು ಬಂದ ಹೆಂಗಸರು ಸಂಜೆ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಗಿಡದ ಹುಳಿ ಬೆವರಿಗೆ ಹಿಮ್ಮಡಿಯ ಸೀಳುಗಳು ಉರಿಯುತ್ತಿದ್ದವು. ಗಂಗವ್ವ ರಾತ್ರಿ ಗಿಡಗಳ ಮೇಲೆ ಬಿಳಿ ಪಂಚೆ ಹಾಸಿ ಬರುವಳು. ಇಬ್ಬನಿಯೊಡನೆ ಹುಳಿಯನ್ನು ಹೀರಿಕೊಂಡ ಆ ಪಂಚೆಯನ್ನು ಮುಂಜಾನೆ ಹಿಂಡಿ ಶೀಶೆಯಲ್ಲಿ ತುಂಬಿಡುವಳು. ಹೊಟ್ಟೆನೋವಿಗೆ ಅದೇ ಔಷಧ. ಆ ಹುಳಿಯ ಒಂದು ಹನಿಯನ್ನು ನನ್ನ ನಾಲಗೆಗೆ ಮುಟ್ಟಿಸಿ ನನ್ನ ಮುಖ ಕಿವುಚಿಕೊಂಡದ್ದನ್ನು ನೋಡಿ ಆಕೆ ನಕ್ಕ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಗಂಗವ್ವನ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಆ ದಿನಗಳಲ್ಲಿ. ಆಕೆಯನ್ನು ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ ಕೊಟ್ಟಿದ್ದರು. ನನ್ನದೇ ವಯಸ್ಸಿನವಳು, ಬಂದ ದಿನವೇ ನನ್ನ ಕೋಣೆಯ ಹೊಸ್ತಿಲ ಮೇಲೆ ಕುಳಿತು ತನ್ನ ಬಯಕೆಯನ್ನು ಹೇಳಿಕೊಂಡಳು.

“ಅಲ್ಲಿ ಭತ್ತ ಐತ್ರಿ, ಗಿಡಾ ಐತಿ, ನೀರೈತಿ. ನಮ್ಮತ್ತಿ ಛಲೋ ಅದಾರ. ಹುಣಚಿಹಣ್ಣ ಕೊಡತಾರ, ಉಪ್ಪಿನಕಾಯಿ ಕೊಡತಾರ. ಆದ್ರ ಈ ಹುಳಿ ಬ್ಯಾರೇ ಐತಿ ಅಕ್ಕಾರ. ಕನಸಿನ್ಯಾಗ ನಮ್ಮ ಕಡ್ಲಿ ಹೊಲದಾಗ ಕುಂತಿರತೀನಿ. ಕಾಯಿ ಸುಲದ ಬಾಯಾಗ ಇಡೂದ್ರಾಗ ಎಚ್ಚರಾಗತೈತಿ.”

“ಎಳ್ಳಮಾಸಿ ಬರ್ಲಿ,” ಎಂದಳು ಒಳಗಿನಿಂದ ಗಂಗವ್ವ. “ಚರಗಾ ಚೆಲ್ಲಿದ ಮ್ಯಾಲೆ ಹೊಲದ ನಟ್ಟನಡುವ ಕುಂದರಿಸಿ, ಉಡಿ ತುಂಬ ಸುಲಗಾಯಿ ಹಾಕತೀನಿ.”

ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಮೊದಲು ಬೆಳೆಯ ಮೇಲೆ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಅದೇ ಚರಗ. ಆಮೇಲೆ ಉಣ್ಣುವುದು, ಮತ್ತು ಉಂಡ ಮೇಲೆ ಹಸಿ ಕಡಲೆಯನ್ನು, ಅಂದರೆ ಸುಲಗಾಯಿಯನ್ನು, ಗಿಡದಿಂದಲೇ ಕಿತ್ತು ಸುಲಿದು ತಿನ್ನುವುದು. ಅಂದು ಯಾರ ಹೊಲಕ್ಕೆ ಯಾರಾದರೂ ಹೋಗಬಹುದು. ಹಿಡಿ ಕಾಯಿಗೆ ಬೇಡವೆನ್ನುವ ಒಕ್ಕಲಿಗ ಆ ಸೀಮೆಯಲ್ಲಿಲ್ಲ. ಕಾಯಿ ಬಲಿಯುವುದನ್ನು ಸವಿತಾ ದಿನದಿನಕ್ಕೂ ಕೇಳುತ್ತಿದ್ದಳು. ಬಲಿಯುವ ಹೊತ್ತಿಗೆ ಸರಿಯಾಗಿ ಕೀಡೆ ಬಿತ್ತು. ಬಸಣ್ಣ ನವಲಗುಂದಕ್ಕೆ ಹೋಗಿ ಎಣ್ಣಿ ತಂದು ಹೊಡೆದ.

ಹಬ್ಬ ಇನ್ನೇನು ಎದುರಿಗಿದ್ದಾಗ ಆ ಖಾಲಿ ಬಾಟಲಿ ನನಗೆ ಬದುವಿನ ಮೇಲೆ ಸಿಕ್ಕಿತು. ಚೌಕದ ಕೆಳಗಿನ ಅರ್ಧ ಹಳದಿ. ಕೊರಳಿಗೆ ಸಿಕ್ಕಿಸಿದ್ದ ಚೀಟಿಯನ್ನು ಯಾರೂ ಬಿಚ್ಚಿರಲಿಲ್ಲ. ಇದನ್ನು ಹೊಡೆದ ಮೇಲೆ ಬೆಳೆಯನ್ನು ಕೀಳುವ ಮೊದಲು ಕಾಯಬೇಕಾದ ಅವಧಿ ಅದರಲ್ಲಿತ್ತು. ಆ ಅವಧಿ ಹಬ್ಬವನ್ನು ದಾಟಿ ಒಂದು ವಾರಕ್ಕೂ ಮುಂದೆ ಹೋಗುತ್ತಿತ್ತು. ಎತ್ತಿಗೆ ನೀರು ಕುಡಿಸುತ್ತಿದ್ದ ಬಸಣ್ಣನ ಬಳಿಗೆ ಓಡಿದೆ.

“ಬಸಣ್ಣಾ, ಇದನ್ನ್ಯಾಕ ತಂದ್ರಿ?”

“ಯಾಕ್ರಿ, ಏನಾತು? ಅಂಗಡ್ಯಾವ ನೀಲಿದು ಕೊಡಾಕತ್ತಿದ್ದ. ಬ್ಯಾಡೋ ಮಾರಾಯಾ, ಮನ್ಯಾಗ ಬಸರಿ ಮಗಳದಾಳ, ಹೊಲದಾಗ ಕುಂತ ತಿನ್ನಾಕಿ ಅದಾಳ, ಹಳದಿದು ಕೊಡು ಅಂತ ಬದಲಿ ಮಾಡಿಸ್ಕೊಂಡ ತಂದೀನಿ.”

ಅವನ ಮುಖದಲ್ಲಿ ಇದ್ದದ್ದು ಒಂದು ಒಳ್ಳೆಯ ಕೆಲಸ ಮಾಡಿದವನ ನೆಮ್ಮದಿ. ಕಡಿಮೆ ವಿಷವನ್ನು ಹಿಂದಿರುಗಿಸಿ ಹೆಚ್ಚಿನ ವಿಷವನ್ನು ಆತ ತಂದದ್ದು ಅಣ್ಣನ ಮಗಳ ಮೇಲಿನ ಪ್ರೀತಿಯಿಂದ. ನಾನು ಆ ಚೀಟಿಯನ್ನು ಮಡಚಿ ಸಂಜೆಗೆಂದು ಇಟ್ಟುಕೊಂಡೆ.

ಸಂಜೆ ಪಡಸಾಲೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಮಾತಾಡಿದೆ. ವಿಷದ ದರ್ಜೆಯನ್ನು ವಿವರಿಸಿದೆ, ಕಾಯುವ ಅವಧಿಯ ಕಾರಣವನ್ನು ವಿವರಿಸಿದೆ, ಬಸುರಿ ಹೆಂಗಸಿಗೆ ಎಚ್ಚರಿಕೆ ಏಕೆ ಇಮ್ಮಡಿಯಾಗಬೇಕೆಂದು ವಿವರಿಸಿದೆ. ಬಸಣ್ಣ ಕಂಬಕ್ಕೆ ಒರಗಿ ಕೇಳಿದ.

“ನಮ್ಮಪ್ಪನೂ ಎಣ್ಣಿ ಹೊಡದ ಹೊಲದಾಗ ಚರಗಾ ಚೆಲ್ಲ್ಯಾನ. ನಾವೆಲ್ಲಾ ಅಲ್ಲೇ ತಿಂದ ಬೆಳದೀವಿ. ಸತ್ತೀವೇನ್ರಿ?”

“ಸತ್ತಿಲ್ಲ, ಬಸಣ್ಣಾ. ಆದ್ರ ಎಣ್ಣಿ ಹೊಡದ ದಿನಾ ತಲಿ ಸಿಡದದ್ದು, ವಾಂತಿ ಬಂದದ್ದು ನೆನಪಿಲ್ಲೇನು?”

“ಅದು ಬಿಸಲಿಗೆ. ಭೂತಾಯಿಗೆ ಉಣಸೂದಕ್ಕೂ ಚೀಟ್ಯಾಗ ಬರದದ್ದ ಕೇಳಬೇಕೇನ್ರಿ ಇನ್ನ? ಹಬ್ಬಾ ನಮ್ಮದೋ, ಬಾಟ್ಲ್ಯಾವಂದೋ?”

ಸವಿತಾ ಮೆಲ್ಲಗೆ ಕೇಳಿದಳು: “ತೊಳದ ತಿಂದ್ರ, ಅಕ್ಕಾರ? ಬಾಳ ಅಲ್ಲ, ಒಂದ್ ನಾಕ ಕಾಯಿ. ಏನಾಗತೈತಿ?”

ಏನಾಗುತ್ತದೆ ಎಂಬುದನ್ನು ನಾನು ಹೇಳಲಾರೆ. ಗುರುತು ಭವಿಷ್ಯ ನುಡಿಯುವುದಿಲ್ಲ. ಇಂಥವಳಿಗೆ ಇಂಥದೇ ಆಗುತ್ತದೆ ಎಂದು ಯಾವ ಬಾಟಲಿಯ ಮೇಲೂ ಬರೆದಿರುವುದಿಲ್ಲ. ಆಗಬಹುದಾದದ್ದರ ದರ್ಜೆಯನ್ನಷ್ಟೇ ಅದು ಹೇಳುತ್ತದೆ. ಕಣ್ಣೆದುರಿನ ಬಯಕೆಯ ಮುಂದೆ ಆಗಬಹುದು ಎಂಬ ಮಾತು ಎಷ್ಟು ಬಡವಾದದ್ದೆಂದು ಅಂದು ತಿಳಿಯಿತು. ಇನ್ನೂ ಒಂದು ಚಿಂತೆಯಿತ್ತು: ಈ ಮನೆಯವರು ಒಪ್ಪಿದರೂ ಹಬ್ಬದ ದಿನ ರಸ್ತೆ ಬದಿಯ ಆ ಹೊಲಕ್ಕೆ ಊರೇ ಕೈ ಹಾಕುತ್ತದೆ.

ಎಲ್ಲರೂ ಎದ್ದು ಹೋದ ಮೇಲೆ ಅಡುಗೆಮನೆಗೆ ಹೋದೆ. ಗಂಗವ್ವ ಹಬ್ಬದ ಬುತ್ತಿಗೆ ಎಳ್ಳು ಹಚ್ಚಿದ ರೊಟ್ಟಿ ಬಡಿಯುತ್ತಿದ್ದಳು.

“ಗಂಗಕ್ಕಾ, ಒಂದು ಮಾತು. ಹೊಲಕ್ಕ ಬೇವು ಕಟ್ಟೂಣು. ಹೊಲಕ್ಕ ಅಮ್ಮ ಬಂದಾಳ ಅಂದ್ರ ಯಾರೂ ಕಾಲಿಡೂದಿಲ್ಲ.”

ರೊಟ್ಟಿಯ ಸಪ್ಪಳ ನಿಂತಿತು. ಆಕೆ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ನೋಡಿದಳು.

“ಅಮ್ಮನ ಹೆಸರಿಲೆ ಸುಳ್ಳ ಹೇಳಂತೀಯೇನು? ಮೂಢನಂಬಿಕಿ ಅಂದಾಕಿ ನೀನ. ನೀ ನಂಬೂದಿಲ್ಲ, ಅದಕ ನಿನಗ ಸುಳ್ಳ ಹಗರ ಆತು. ನಾ ನಂಬಾಕಿ. ನನಗ ಆಗೂದಿಲ್ಲ.”

ನಾನು ತಲೆ ತಗ್ಗಿಸಿದೆ. ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಆಮೇಲೆ ಕೇಳಿದಳು: “ಖರೇ ಹೇಳು. ಸವಿತಾ ನಿನ್ನ ಒಡಹುಟ್ಟಿದಾಕಿ ಆಗಿದ್ರ, ತಿನ್ನಾಕ ಕೊಡತಿದ್ದೇನು?”

“ಇಲ್ಲ.”

ನನ್ನ ಚರ್ಚಾಜೀವನದ ಅತ್ಯಂತ ಸಣ್ಣ ಭಾಷಣ ಅದು. ಗಂಗವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹಬ್ಬದ ಮುಂಜಾನೆ ಆಕೆ ಜಳಕ ಮಾಡಿ, ವಿಭೂತಿ ಧರಿಸಿ, ಹಿತ್ತಲ ಬೇವಿನಿಂದ ಒಂದು ಟೊಂಗೆ ಮುರಿದುಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ. ಚಕ್ಕಡಿ ಹೊಲ ಮುಟ್ಟಿದಾಗ ಆಕೆಯೇ ಮೊದಲು ಇಳಿದು, ಬದುವಿನಲ್ಲಿ ಕೋಲು ನೆಟ್ಟು ಬೇವು ಕಟ್ಟಿದಳು. ಮುಂದೆ ಹಿಂದೆ ಬರುತ್ತಿದ್ದ ಚಕ್ಕಡಿಗಳು ನಿಂತವು.

“ಏನ ಗಂಗವ್ವ, ಹೊಲಕ್ಕೂ ಜ್ವರ ಬಂತೇನು?” ಎಂದು ಒಬ್ಬಳು ಚೇಷ್ಟೆ ಮಾಡಿದಳು.

“ಅಮ್ಮ ಬಂದಿಲ್ಲ. ಸುಳ್ಳ ಹೇಳೂದಿಲ್ಲ ನಾ,” ಎಂದಳು ಗಂಗವ್ವ, ಎಲ್ಲರಿಗೂ ಕೇಳಿಸುವಂತೆ. “ಹೊಲಕ್ಕ ವಿಷಾ ಹೊಡದೈತಿ. ನಾವ ಹೊಡದೀವಿ. ಬ್ಯಾನಿ ಇದ್ದ ಮನಿ ಹೊಸ್ತಲಾ ದಾಟೂದಿಲ್ಲಲ್ಲ ನಾವು, ಇದೂ ಹಂಗ. ಈ ಬೇವ ನಾ ಬಿಚ್ಚೂ ತನಕಾ ಒಂದ್ ಕಾಯಿ ಕೀಳಬ್ಯಾಡ್ರಿ.”

ಆಮೇಲೆ ಬುತ್ತಿಗೆ ಸುತ್ತಿದ್ದ ಹಳೆಯ ಸೀರೆಯ ಅಂಚಿನಿಂದ ಒಂದು ಹಳದಿ ಪಟ್ಟಿಯನ್ನು ಹರಿದು ನನ್ನ ಕೈಗೆ ಕೊಟ್ಟಳು. “ಬೇವು ನಂದು. ಹಳದಿ ನಿಂದು. ಕಟ್ಟು. ಯಾ ಬಣ್ಣದ ಬಾಟ್ಲಿ ಅನ್ನೂದು ಮಂದಿಗೆ ಗೊತ್ತಾಗಲಿ.”

ನಾನು ಕಟ್ಟಿದೆ.

ಬಸಣ್ಣ ಬಹಳ ಹೊತ್ತು ಆ ಕೋಲನ್ನು ನೋಡುತ್ತ ನಿಂತ. ಕೊನೆಗೆ ಚರಗದ ಪಾತ್ರೆಯನ್ನು ಎತ್ತಿಕೊಂಡು, ಒಳಗೆ ಕಾಲಿಡದೆ, ಬದುವಿನ ಹೊರಗಿನಿಂದಲೇ ಹೊಲವನ್ನು ಸುತ್ತುತ್ತ ಭೂತಾಯಿಗೆ ಉಣಿಸಿದ. ನಾವೆಲ್ಲ ರಸ್ತೆಯ ಆಚೆಗಿನ ಅವರದೇ ಜೋಳದ ಹೊಲದಲ್ಲಿ ಕುಳಿತು ಉಂಡೆವು. ಶೇಂಗಾ ಹೋಳಿಗೆ ಇತ್ತು, ಎಣ್ಣೆಗಾಯಿ ಇತ್ತು, ಗುರೆಳ್ಳ ಚಟ್ನಿ ಇತ್ತು. ಸವಿತಾಳ ತಾಟಿನಲ್ಲಿ ಎಲ್ಲವೂ ಹಾಗೆಯೇ ಉಳಿದಿತ್ತು. ಆಕೆ ರಸ್ತೆಯಾಚೆಯ ಹಸಿರನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂದಿತ್ತು.

ಬಸಣ್ಣ ಆಕೆಯ ಪಕ್ಕದಲ್ಲಿ ಬಂದು ಕುಳಿತ. “ಸಿಟ್ಟಾಗಬ್ಯಾಡ ಮಗಳ. ನಾ ಅರಿಶಿಣಾ ಅನ್ಕೊಂಡೆ.”

“ನಿನ್ನ ಮ್ಯಾಲೆ ಸಿಟ್ಟಿಲ್ಲ ಕಾಕಾ,” ಎಂದಳು ಆಕೆ, ಮೂಗು ಒರೆಸಿಕೊಳ್ಳುತ್ತ. “ಹೊಟ್ಟ್ಯಾಂದ ಹಟಾ ಮಾಡಾಕತ್ತೈತಿ. ಅದಕ ಹೇಳು.”

ಹಬ್ಬದ ನಂತರದ ಆ ದಿನಗಳಷ್ಟು ಸುಂದರವಾದವು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಅವು ಬರೀ ಕಾಯುವ ದಿನಗಳು. ಬೆಳಿಗ್ಗೆ ಎದ್ದು ನಾನೂ ಸವಿತಾಳೂ ರಸ್ತೆಯ ಗುಂಟ ಆ ಕೋಲಿನವರೆಗೆ ನಡೆದು ಹೋಗುವುದು, ಬೇವು ಎಷ್ಟು ಬಾಡಿದೆಯೆಂದು ನೋಡುವುದು, ಆಸೆಗಣ್ಣಿನಿಂದ ಕಾಯಿಗಳನ್ನು ಎಣಿಸಿದಂತೆ ಮಾಡಿ ಮರಳುವುದು. ಆ ನಡಿಗೆಯಲ್ಲಿ ಆಕೆ ತನ್ನ ಗಂಡನ ಮನೆಯ ಬಗ್ಗೆ, ಕೆರೆಯ ಬಗ್ಗೆ, ಮಳೆಯ ಬಗ್ಗೆ ಹೇಳುವಳು. ನಾನು ಕಟ್ಟಲಿರುವ ಹೊಸ ಸಮಾಜದ ಬಗ್ಗೆ ಹೇಳುವೆ. ಇಬ್ಬರೂ ಇನ್ನೊಬ್ಬರ ಮಾತನ್ನು ಪೂರ್ತಿ ನಂಬುತ್ತಿದ್ದೆವು. ಒಂದು ಮುಂಜಾನೆ ಬೇರೊಬ್ಬರ ಹೊಲದಲ್ಲಿಯೂ ಬೇವಿನ ಕೋಲು ಕಂಡಿತು, ನೀಲಿ ಪಟ್ಟಿಯೊಂದಿಗೆ. ಮತ್ತೊಂದು ದಿನ ಕೆರೆಯ ಕಡೆಗೆ ಇನ್ನೊಂದು. ಸಂಜೆಯಾದರೆ ಹೆಂಗಸರು ಸೆರಗಿನಲ್ಲಿ ಬಾಟಲಿ ಸುತ್ತಿಕೊಂಡು ಗಂಗವ್ವನ ಪಡಸಾಲೆಗೆ ಬರತೊಡಗಿದರು.

“ಇದಕ್ಕ ಯಾ ಅರಿವಿ ಕಟ್ಟಬೇಕ್ರಿ ಅಕ್ಕಾರ? ಎಷ್ಟ ದಿನಾ ಕಾಯಬೇಕು?”

ಮಠದ ಕಟ್ಟೆಯಲ್ಲಿ ಆಗದ ಪಾಠ ಹಾಗೆ, ಪಟವಿಲ್ಲದೆ, ಆಯಿತು. ಬಾಟಲಿಗಳನ್ನು ಬರಿಗೈಯಿಂದ ಹಿಡಿಯಬಾರದು, ಸೆರಗಿನಲ್ಲಿ ಸುತ್ತಬಾರದು ಎಂಬುದನ್ನೂ ಅಲ್ಲಿಯೇ ಕಲಿಸಿದೆ.

ಬೇವು ಬಿಚ್ಚುವ ದಿನಕ್ಕೆ ಒಂದೇ ದಿನ ಉಳಿದಾಗ ಸಂಸ್ಥೆಯಿಂದ ಕರೆ ಬಂತು. ನನ್ನ ಅವಧಿ ಮುಗಿದಿತ್ತು; ಮರುದಿನ ಧಾರವಾಡದಲ್ಲಿ ಸಭೆ, ಅಲ್ಲಿಂದ ಬೇರೆ ಜಿಲ್ಲೆ. ಹೊತ್ತಿಗೆ ಸರಿಯಾಗಿ ಹಾಜರಾಗುವುದು ನನಗೆ ಆಗ ಒಂದು ಧರ್ಮವಾಗಿತ್ತು. ಗಂಗವ್ವ ನನ್ನ ಚೀಲವನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

“ನಾಳೆ ಬಿಚ್ಚತೀನಿ. ನಾಳೆ ಒಂದಿನಾ ಇರು.”

“ಮೀಟಿಂಗ್ ಐತಿ ಗಂಗಕ್ಕಾ.”

“ಮೀಟಿಂಗ್ ಎಲ್ಲಿ ಓಡಿ ಹೋಗತೈತಿ? ಕಡ್ಲಿ ಬಲತ ಹೋಗತೈತಿ.”

ಬಸ್ಸು ಬಂತು, ನಾನು ಹತ್ತಿದೆ. ಕಿಟಕಿಯಿಂದ ನೋಡಿದಾಗ ಬದುವಿನ ಮೇಲೆ ಹಳದಿ ಪಟ್ಟಿ ಗಾಳಿಗೆ ಹಾರುತ್ತಿತ್ತು. ಮಗಳ ಉಡಿ ತುಂಬಿದ ಸುದ್ದಿಯನ್ನೂ, ಆಮೇಲೆ ಮೊಮ್ಮಗಳು ಹುಟ್ಟಿದ ಸುದ್ದಿಯನ್ನೂ ಗಂಗವ್ವ ಫೋನಿನಲ್ಲಿ ಹೇಳಿದಳು. ಕೆಲವು ವರ್ಷ ಎಳ್ಳ ಅಮಾವಾಸ್ಯೆಗೆ ಬಾ ಎಂದು ಕರೆದಳು. ಮುಂದಿನ ವರ್ಷ ಎಂದು ನಾನು ಪ್ರತಿ ಸಲವೂ ಅಂದೆ. ಆಮೇಲೆ ನನ್ನ ನಂಬರು ಬದಲಾಯಿತು, ಆಕೆಯ ನಂಬರಿಗೆ ಹಚ್ಚಿದರೆ ಯಾರೂ ಎತ್ತದಂತಾಯಿತು. ಕೇಳಿದರೆ ಯಾವ ಸುದ್ದಿ ಬರುವುದೋ ಎಂಬ ಅಂಜಿಕೆಯಿಂದ ನಾನು ಯಾರನ್ನೂ ಕೇಳಲಿಲ್ಲ.

ಈಗ ನಾನು ಕಲಿಸುವುದು ಕಾರ್ಖಾನೆಗಳ ಸಭಾಂಗಣಗಳಲ್ಲಿ. ಬೆಂಕಿಯ ನಾಲಗೆ, ತಲೆಬುರುಡೆ, ಕೈಯನ್ನು ಸುಡುವ ಹನಿಗಳು. ಈ ಚಿತ್ರಗಳ ಅರ್ಥವನ್ನು ನಿದ್ದೆಯಲ್ಲಿಯೂ ಹೇಳಬಲ್ಲೆ. ಕೇಳುವವರು ಬರೆದುಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನೀಲಿಯೇ ಕೆಟ್ಟದ್ದು ಎಂದು ಯಾರೂ ನನ್ನ ಎದುರು ವಾದಿಸುವುದಿಲ್ಲ. ಪೇಟೆಯಲ್ಲಿ ಸುಲಗಾಯಿ ಬಂದಾಗ ಕೊಂಡು ತಿನ್ನುತ್ತೇನೆ. ಅದರ ಹುಳಿ ಎಲ್ಲಿಯೋ ದಾರಿಯಲ್ಲಿ ತೊಳೆದು ಹೋಗಿರುತ್ತದೆ.

ರಸ್ತೆಯ ಆಚೆ ಆ ಹೆಣ್ಣುಮಗಳು ಕೊಯ್ದ ಜೋಳದ ಮೇವಿನ ಹೊರೆ ಕಟ್ಟುತ್ತಿದ್ದಳು. ಎದುರಿಗೆ ಜೋಳ, ಈಚೆಗೆ ಕಡಲೆ, ನಡುವೆ ರಸ್ತೆ. ಆಗ ನನಗೆ ಆ ಹೊಲದ ಗುರುತು ಹತ್ತಿತು. ಕೂಗಿ ಕೇಳಿದೆ: “ಈ ಬೇವು ಯಾರು ಕಟ್ಟಿದ್ದು?”

“ನಮ್ಮತ್ತಿರಿ.”

“ಯಾರು ನಿಮ್ಮತ್ತಿ?”

“ಗಂಗವ್ವ ಅಂತ. ಯಾಕ್ರಿ, ಗೊತ್ತೇನ್ರಿ ನಿಮಗ?”

ನಾನು ಕಣ್ಣೊರೆಸಿಕೊಂಡೆ. “ಯಾವಾಗ ಬಿಚ್ಚತಾರ?” ಎಂದಷ್ಟೇ ಕೇಳಿದೆ.

“ನಾಳೆ. ಅವರ ಬಂದ ಬಿಚ್ಚಬೇಕು. ಕಾಲ ನೋಯತಾವು, ಆದ್ರೂ ಬ್ಯಾರೇದವರಿಗೆ ಬಿಚ್ಚಗೊಡೂದಿಲ್ಲ.” ನನ್ನ ಮುಖವನ್ನು ನೋಡಿ ಆಕೆ ಹೊರೆಯನ್ನು ಅಲ್ಲಿಯೇ ಬಿಟ್ಟು, ರಸ್ತೆ ದಾಟಿ ಬಂದು, ಸೊಂಟದಿಂದ ಫೋನು ತೆಗೆದು ಹಚ್ಚಿದಳು. “ಅತ್ತೀ, ರಸ್ತಾದಾಗ ಯಾರೋ ಅಕ್ಕಾರು ನಿಂತಾರ. ನಮ್ಮ ಬೇವ ಕೇಳಾಕತ್ತಾರ.”

ಫೋನಿನಿಂದ ಹೊರಗೂ ಕೇಳುವ ಆ ದನಿ, ಕೊಂಚ ಒಡೆದಿತ್ತು, ಆದರೆ ಅದೇ ದನಿ: “ಹಳದಿ ಅರಿವಿ ನೋಡಿ ನಿಂತಾಳೇನು?”

“ಹೌದ್ರಿ ಅತ್ತಿ. ಅಳಾಕತ್ತಾರ. ಫೋನ್ ಕೊಡ್ಲೇನ್ರಿ?”

“ಕೊಡಬ್ಯಾಡ. ನಾಳೆ ತನಕಾ ಇರ್ತಾಳೇನ್ ಕೇಳ ಮೊದಲ. ಇರೂದಿದ್ರ ಮಾತಾಡತೀನಿ.”

“ಬರ್ರಿ ಮೇಡಂ, ಗಾಲಿ ಆತು,” ಎಂದು ಕಂಡಕ್ಟರ್ ಬಾಗಿಲಿನಿಂದ ಕೂಗಿದ.

ನಾನು ಹೋಗಿ, ಸೀಟಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ಮತ್ತೆ ಇಳಿದೆ. ಬಸ್ಸು ಕಮಾನಿನ ಕಡೆಗೆ ಹೊರಟು ಹೋಯಿತು. ಧೂಳು ಅಡಗಿದ ಮೇಲೆ ಹುಳಿಯ ವಾಸನೆ ತಿರುಗಿ ಬಂತು. ಬದುವಿನ ಈಚೆಗೆ, ಬೇವಿನ ಕೋಲಿನಿಂದ ಒಂದು ಮಾರು ದೂರದಲ್ಲಿ, ನಾನು ಕಾಯುತ್ತ ಕುಳಿತೆ.